ಮನೆಯೊಡತಿಯ ಲೆಕ್ಕದ ಪುಸ್ತಕ: ಬ್ಯಾಟರಿ ಎಷ್ಟು ಹೊತ್ತು ಬರುತ್ತೆ?



ಈ ಸಲ ಹಪ್ಪಳ, ಸಂಡಿಗೆ, ದಿನಸಿ ಚೀಟಿಯ ಲೆಕ್ಕವನ್ನು ಪಕ್ಕಕ್ಕಿಟ್ಟು ಇನ್ವರ್ಟರ್ ಬ್ಯಾಟರಿಯ ಲೆಕ್ಕ ಹಿಡಿದಿದ್ದೇನೆ. "ಇದೇನಪ್ಪಾ, ಗಂಡಸರ ಕೆಲಸ ನಮ್ಮ ಪುಟಕ್ಕೆ ಬಂತು" ಅಂತ ಮೂಗು ಮುರಿಯಬೇಡಿ. ಹಗಲು ಹೊತ್ತಿನಲ್ಲಿ ಕರೆಂಟು ಹೋದಾಗ ಮನೆಯಲ್ಲಿರುವವರು ಯಾರು? ನಾವೇ ತಾನೆ.

ತೀರ್ಥಹಳ್ಳಿ ಕಡೆಯ ಸೋದರಿಯೊಬ್ಬರ ಪತ್ರ ಬಂದಿದೆ. ಅವರ ಮಾವನವರಿಗೆ ಶ್ವಾಸಕೋಶದ ಕಾಯಿಲೆ. ವೈದ್ಯರ ಸಲಹೆಯಂತೆ ಮನೆಯಲ್ಲೇ ಆಕ್ಸಿಜನ್ ಕಾನ್ಸಂಟ್ರೇಟರ್ ಇಟ್ಟಿದ್ದಾರೆ. ಗಾಳಿಯಿಂದ ಆಮ್ಲಜನಕವನ್ನು ಬೇರ್ಪಡಿಸಿ ಕೊಡುವ ಯಂತ್ರ ಅದು, ಕರೆಂಟಿಲ್ಲದೆ ನಡೆಯುವುದಿಲ್ಲ. ಮಲೆನಾಡಿನ ಮಳೆಗಾಲ ನಿಮಗೆ ಗೊತ್ತಲ್ಲ, ಒಂದು ಮರ ತಂತಿಯ ಮೇಲೆ ಒರಗಿದರೆ ಕರೆಂಟು ಸಂಜೆ ಬಂದರೆ ಸಂಜೆ, ಮಾರನೇ ದಿನ ಬಂದರೆ ಮಾರನೇ ದಿನ. ಮನೆಯಲ್ಲಿ ಇನ್ವರ್ಟರ್ ಇದೆ. 150 ಎ.ಎಚ್. ಬ್ಯಾಟರಿ, ನಾಲ್ಕು ವರ್ಷ ಹಳೆಯದು. "ಈ ಯಂತ್ರ ನಾಲ್ಕು ಗಂಟೆ ಖಂಡಿತ ನಡೆಯುತ್ತೆ ಅಂತ ಅಂಗಡಿಯವರು ಹೇಳಿದ್ದರು. ನಿಜವಾಗಿ ನಡೆಯುತ್ತಾ ಅಕ್ಕಾ? ಮಾವನವರನ್ನು ಮಲಗಿಸಿಕೊಂಡು ಪರೀಕ್ಷೆ ಮಾಡಿ ನೋಡೋಕೆ ಧೈರ್ಯ ಬರೋಲ್ಲ" ಎಂದು ಬರೆದಿದ್ದಾರೆ.

ಅವರ ಭಯ ಸರಿಯಾದ ಭಯ. ಆದರೆ ಇದಕ್ಕೆ ದಾರಿ ಇದೆ. ಯಂತ್ರವನ್ನು ಮುಟ್ಟದೆ, ಮನೆಯ ಫ್ಯಾನು ಬಲ್ಬುಗಳಿಂದಲೇ ಬ್ಯಾಟರಿಯನ್ನು ಅಳೆದು, ಯಂತ್ರಕ್ಕೆ ಎಷ್ಟು ಹೊತ್ತು ಬರುತ್ತೆ ಅಂತ ಕಾಗದದ ಮೇಲೆ ಲೆಕ್ಕ ಹಾಕಬಹುದು. ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡುವ ಅಗತ್ಯವೂ ಇಲ್ಲ. ಗಡಿಯಾರ, ನೋಟ್ ಪುಸ್ತಕ, ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಮಲ್ಟಿಮೀಟರು, ಇಷ್ಟಿದ್ದರೆ ಸಾಕು. ನನಗೆ ಇದನ್ನು ಹೇಳಿಕೊಟ್ಟವನು ಐ.ಟಿ.ಐ. ಓದಿರುವ ನನ್ನ ಮೈದುನ. ಹೈಸ್ಕೂಲು ಮುಗಿಸಿದ ನನಗೆ ಅರ್ಥವಾದ ಮೇಲೆ ನಿಮಗೂ ಆಗುತ್ತದೆ.

ಒಳಗಿರುವುದನ್ನು ನೋಡದೆ ಅಂದಾಜು ಮಾಡುವುದು ನಮಗೇನು ಹೊಸದೇ? ಹೊಸ ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇವೆ. 14.2 ಕೆ.ಜಿ.ಯಲ್ಲಿ ಎಷ್ಟು ಉಳಿದಿದೆ ಎಂದು ಯಾರೂ ಕಣ್ಣಾರೆ ಕಂಡವರಿಲ್ಲ. ಆದರೂ "ಹೋದ ಸಲ 40 ದಿನ ಬಂತು, ಈ ಸಲ ಹಬ್ಬ ಬಂತು, ನೆಂಟರಿದ್ದರು, 32ಕ್ಕೇ ಮುಗಿಯುತ್ತೆ" ಅಂತ ಹೇಳುತ್ತೇವೆ, ಹಾಗೇ ಆಗುತ್ತದೆ. ಬ್ಯಾಟರಿಯದೂ ಇಂಥದೇ ಲೆಕ್ಕ. ಒಂದೇ ಒಂದು ವ್ಯತ್ಯಾಸವಿದೆ, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಬ್ಯಾಟರಿಯ ಮೈಮೇಲೆ ಬರೆದಿರುವುದನ್ನು ಓದೋಣ. 150 ಎ.ಎಚ್. ಅಂತ ದಪ್ಪ ಅಕ್ಷರದಲ್ಲಿ ಇರುತ್ತದೆ. ಎ.ಎಚ್. ಅಂದರೆ ಆಂಪಿಯರ್ ಅವರ್, ಎಷ್ಟು ಆಂಪಿಯರ್ ಎಷ್ಟು ಗಂಟೆ ಅನ್ನುವುದರ ಗುಣಲಬ್ಧ. ಅದರ ಹತ್ತಿರ ಸಣ್ಣ ಅಕ್ಷರದಲ್ಲಿ ಸಿ-20 ಎಂದಿರುತ್ತದೆ, ಕೆಲವದರಲ್ಲಿ ಸಿ-10. ಈ ಸಣ್ಣಕ್ಷರವೇ ಮುಖ್ಯ. ಸಿ-20 ಎಂದರೆ 20 ಗಂಟೆ ಕಾಲ ನಿಧಾನವಾಗಿ ಎಳೆದರೆ ಮಾತ್ರ ಒಟ್ಟು 150 ಸಿಗುತ್ತದೆ ಎಂದರ್ಥ. ಹೊಸ ಬ್ಯಾಟರಿಯಿಂದ ಒಂದೇ ಸಮನೆ 7.5 ಆಂಪಿಯರ್ ಎಳೆಯುತ್ತಾ ಹೋದರೆ 20 ಗಂಟೆಗೆ ಅದು 10.5 ವೋಲ್ಟಿಗೆ ಇಳಿಯುತ್ತದೆ, ಅಲ್ಲಿಗೆ ಖಾಲಿ ಎಂದು ಲೆಕ್ಕ. 7.5 ಆಂಪಿಯರ್ ಅಂದರೆ ಮನೆ ಭಾಷೆಯಲ್ಲಿ ಎಷ್ಟು? ಒಂದೇ ಒಂದು ಹಳೆಯ ಸೀಲಿಂಗ್ ಫ್ಯಾನು! ಬರೀ ಒಂದು ಫ್ಯಾನು ಹಾಕಿಕೊಂಡು 20 ಗಂಟೆ ಕೂರುವವರು ಯಾರಿದ್ದಾರೆ ಹೇಳಿ. ಆದ್ದರಿಂದ ಆ 150 ನಮ್ಮ ಮನೆಗಳಲ್ಲಿ 150 ಆಗಿ ಸಿಗುವುದೇ ಇಲ್ಲ.

ಗ್ಯಾಸಿಗೂ ಬ್ಯಾಟರಿಗೂ ಇರುವ ವ್ಯತ್ಯಾಸ ಇದೇ. ಗ್ಯಾಸನ್ನು ದೊಡ್ಡ ಉರಿಯಲ್ಲಿ ಸುಟ್ಟರೂ ಸಣ್ಣ ಉರಿಯಲ್ಲಿ ಸುಟ್ಟರೂ ಸಿಲಿಂಡರಿನಲ್ಲಿದ್ದ ತೂಕ ಅಷ್ಟೇ. ಬ್ಯಾಟರಿ ಹಾಗಲ್ಲ, ಅದು ಬಾವಿಯ ಜಾತಿ. ಬೇಸಿಗೆಯಲ್ಲಿ ಒರತೆ ಸಣ್ಣಗಿರುವ ಬಾವಿಯಿಂದ ಒಂದೊಂದೇ ಕೊಡ ನಿಧಾನವಾಗಿ ಸೇದಿದರೆ ದಿನವೆಲ್ಲಾ ನೀರು ಕೊಡುತ್ತದೆ. ಅದೇ ಬಾವಿಗೆ ಪಂಪು ಇಳಿಬಿಟ್ಟರೆ ಸ್ವಲ್ಪ ಹೊತ್ತಿಗೆ ತಳ ಕಾಣುತ್ತದೆ. ಬಿಟ್ಟು ಸಂಜೆ ನೋಡಿದರೆ ಮತ್ತೆ ನೀರು ಬಂದಿರುತ್ತದೆ. ಬ್ಯಾಟರಿಯ ಒಳಗೆ ಸೀಸದ ಫಲಕಗಳಿವೆ, ಸುತ್ತಲೂ ನೀರು ಬೆರೆಸಿದ ಗಂಧಕಾಮ್ಲ. ಕರೆಂಟು ಎಳೆದಂತೆಲ್ಲಾ ಫಲಕಗಳ ಸಣ್ಣ ಸಣ್ಣ ರಂಧ್ರಗಳಲ್ಲಿರುವ ಆಮ್ಲ ಖರ್ಚಾಗುತ್ತದೆ. ಹೊರಗಿನ ಆಮ್ಲ ಒಳಕ್ಕೆ ಇಳಿಯುವುದಕ್ಕೆ ಹೊತ್ತು ಬೇಕು. ಆತುರವಾಗಿ ಎಳೆದರೆ ಒಳಗಿನದು ಮುಗಿಯುತ್ತದೆ, ಹೊರಗಿನದು ಬಂದು ಸೇರುವ ಮೊದಲೇ ಇನ್ವರ್ಟರ್ ಕೀ ಕೀ ಎಂದು ಕೂಗಿ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟು ಹಾಕಿದರೆ ಮತ್ತೆ ಸ್ವಲ್ಪ ಹೊತ್ತು ನಡೆಯುವುದನ್ನು ನೀವೂ ನೋಡಿರುತ್ತೀರಿ. "ಸತ್ತ ಬ್ಯಾಟರಿ ಬದುಕಿತು" ಅಂತ ನಮ್ಮತ್ತೆ ನಗುತ್ತಾರೆ. ಅದು ಒರತೆ, ಅಷ್ಟೇ.

ಇದನ್ನು ಲೆಕ್ಕಕ್ಕೆ ಇಳಿಸಿದವರು ಪ್ಯೂಕರ್ಟ್ ಎಂಬ ಜರ್ಮನಿಯ ವಿಜ್ಞಾನಿ, 1897ರಲ್ಲಿ. ಅವರ ಸೂತ್ರ ನಮಗೆ ಬೇಡ, ಅದರ ಸಾರ ಸಾಕು. ಎಳೆಯುವ ಭಾರ ಎರಡರಷ್ಟಾದರೆ ಬರುವ ಕಾಲ ಅರ್ಧವಾಗುವುದಿಲ್ಲ, ಅರ್ಧಕ್ಕಿಂತ ಕಡಿಮೆಯಾಗುತ್ತದೆ. ನಮ್ಮ ಮನೆಗಳ ಸೀಸದ ಬ್ಯಾಟರಿಗೆ 100 ನಿಮಿಷ ಬರುತ್ತಿದ್ದದ್ದು 50 ಅಲ್ಲ, ಸುಮಾರು 43 ನಿಮಿಷ ಎಂದು ಹಿಡಿಯಿರಿ. ಹಾಗೆಯೇ ಭಾರವನ್ನು ಅರ್ಧ ಮಾಡಿದರೆ ಕಾಲ ಎರಡರಷ್ಟಕ್ಕಿಂತ ಹೆಚ್ಚು, ಹತ್ತಿರ ಹತ್ತಿರ ಎರಡೂಕಾಲರಷ್ಟು ಸಿಗುತ್ತದೆ. ಒಂದು ಫ್ಯಾನು ಆರಿಸಿದರೆ ಏನು ಮಹಾ ಉಳಿತಾಯ ಅನ್ನುವವರು ಇದನ್ನು ನೆನಪಿಡಿ.

ಇನ್ನು ಮನೆಯ ಭಾರ. ಫ್ಯಾನು, ಬಲ್ಬುಗಳ ಮೇಲೆ ವ್ಯಾಟ್ ಬರೆದಿರುತ್ತದೆ. ಹಳೆಯ ಸೀಲಿಂಗ್ ಫ್ಯಾನು 75 ವ್ಯಾಟ್ ಆಸುಪಾಸು. ಈಗ ಬರುವ ಬಿ.ಎಲ್.ಡಿ.ಸಿ. ಫ್ಯಾನು 30 ರ ಹತ್ತಿರ. ಎಲ್.ಇ.ಡಿ. ಬಲ್ಬು 9, ಟ್ಯೂಬ್ ಲೈಟ್ 20. ಮಿಕ್ಸಿ 500 ರಿಂದ 750, ಅದನ್ನು ಇನ್ವರ್ಟರಿನ ಮೇಲೆ ಹಾಕುವವರು ಚಟ್ನಿಗಾಗಿ ಬ್ಯಾಟರಿಯ ಆಯುಸ್ಸು ರುಬ್ಬುತ್ತಿದ್ದಾರೆ ಎಂದೇ ನನ್ನ ಅಭಿಪ್ರಾಯ. ಒಟ್ಟು ವ್ಯಾಟನ್ನು 10 ರಿಂದ ಭಾಗಿಸಿ, 12 ವೋಲ್ಟಿನ ಒಂದೇ ಬ್ಯಾಟರಿಯಿಂದ ಎಷ್ಟು ಆಂಪಿಯರ್ ಹೋಗುತ್ತಿದೆ ಎಂಬುದು ಸಿಗುತ್ತದೆ. 12 ರಿಂದ ಭಾಗಿಸಬೇಡವೇ ಎಂದು ಕೇಳುವ ಜಾಣೆಯರಿಗೆ: ಇನ್ವರ್ಟರು ತನ್ನ ಪಾಲು ತಾನೂ ತಿನ್ನುತ್ತದೆ, ಅದನ್ನು ಸೇರಿಸಿ 10.

ಬರೆದಿರುವ ವ್ಯಾಟ್ ಅಳಿಸಿಹೋಗಿದ್ದರೆ ನಮ್ಮ ಮನೆಯ ಕರೆಂಟ್ ಮೀಟರೇ ಹೇಳುತ್ತದೆ. ಡಿಜಿಟಲ್ ಮೀಟರಿನಲ್ಲಿ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ ನೋಡಿ. ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಎಂದು ಮೀಟರಿನ ಮುಖದ ಮೇಲೇ ಅಚ್ಚಾಗಿರುತ್ತದೆ. ನಮ್ಮನೆಯದು 3200. ಬ್ಯಾಟರಿ ಪೂರ್ತಿ ತುಂಬಿದ ಮೇಲೆ, ಕರೆಂಟು ಇರುವಾಗ, ಫ್ರಿಜ್ಜು ಮೋಟಾರು ಆರಿಸಿ, ಬೇಕಾದ ಫ್ಯಾನು ದೀಪ ಹಾಕಿ ಒಂದು ನಿಮಿಷ ಎಣಿಸಿ. ಅವನ್ನೂ ಆರಿಸಿ ಇನ್ನೊಂದು ನಿಮಿಷ ಎಣಿಸಿ, ಕಳೆಯಿರಿ. ನಮ್ಮಲ್ಲಿ 13 ಮತ್ತು 2 ಬಂತು. ಉಳಿದದ್ದು 11. ಗಂಟೆಗೆ 660. ಅದನ್ನು 3200 ರಿಂದ ಭಾಗಿಸಿದರೆ 0.206 ಯೂನಿಟ್, ಅಂದರೆ 206 ವ್ಯಾಟ್. ಎರಡು ಹಳೆ ಫ್ಯಾನು, ಐದು ಬಲ್ಬು ಹಾಕಿದ್ದೆ. ಬರೆದಿರುವ ಅಂಕಿ ಕೂಡಿದರೆ 195. ಇಷ್ಟು ಹೊಂದಿದರೆ ಸಾಕು, ನಾವೇನು ಬಂಗಾರ ತೂಗುತ್ತಿಲ್ಲ. ದುಂಡಗೆ 200 ವ್ಯಾಟ್, 20 ಆಂಪಿಯರ್ ಅಂತಿಟ್ಟುಕೊಳ್ಳೋಣ.

ಈಗ ಹೊಸ 150 ರ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ? ಬರೀ ಭಾಗಾಕಾರ ಮಾಡಿದರೆ 100 ವ್ಯಾಟಿಗೆ 15 ಗಂಟೆ. ನಿಜವಾಗಿ 14 ರಷ್ಟು, ಹೆಚ್ಚು ಮೋಸವಿಲ್ಲ. 200 ವ್ಯಾಟಿಗೆ ಭಾಗಾಕಾರ ಏಳೂವರೆ ಗಂಟೆ ಎನ್ನುತ್ತದೆ, ಸಿಗುವುದು ಆರು. 400 ಕ್ಕೆ ಮೂರೂಮುಕ್ಕಾಲು ಬದಲು ಎರಡು ಗಂಟೆ ನಲವತ್ತು ನಿಮಿಷ. 800 ಕ್ಕೆ ಸುಮಾರು ಎರಡು ಗಂಟೆ ಎಂದು ನಂಬಿ ಕೂತರೆ ಒಂದು ಗಂಟೆ ಹತ್ತು ನಿಮಿಷಕ್ಕೇ ಕತ್ತಲು. ಭಾರ ಹೆಚ್ಚಿದಷ್ಟೂ ನಂಬಿಕೆಗೂ ನಿಜಕ್ಕೂ ಅಂತರ ಹೆಚ್ಚುತ್ತದೆ. ಇದಿಷ್ಟೂ ಹೊಸ ಬ್ಯಾಟರಿಯ ಮಾತು. ಹಳೆಯದಾದಂತೆ ಬಾವಿಯೇ ಹೂಳು ತುಂಬಿ ಚಿಕ್ಕದಾಗುತ್ತದೆ. ಎಷ್ಟು ಚಿಕ್ಕದಾಗಿದೆ ಎಂಬುದನ್ನೇ ನಾವು ಅಳೆಯಬೇಕಾದ್ದು.

ಅಳೆಯುವ ಮುನ್ನ ಒಂದು ಎಚ್ಚರಿಕೆ. ಕೈಯ ಬಳೆ, ಉಂಗುರ ತೆಗೆದಿಡಿ, ಮಾಂಗಲ್ಯದ ಸರವನ್ನು ರವಿಕೆಯ ಒಳಗೆ ಸೇರಿಸಿಕೊಳ್ಳಿ. ಬ್ಯಾಟರಿಯ ಎರಡು ತುದಿಗೂ ಒಂದೇ ಲೋಹ ತಗುಲಿದರೆ ಕ್ಷಣದಲ್ಲಿ ಕೆಂಡವಾಗುತ್ತದೆ, ಚಿನ್ನವೆಂದು ಬಿಡುವುದಿಲ್ಲ. ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಹೊರಡುತ್ತದೆ, ಹತ್ತಿರ ದೀಪ, ಊದುಬತ್ತಿ ಬೇಡ. ದೇವರ ಮನೆಯ ಪಕ್ಕದಲ್ಲೇ ಬ್ಯಾಟರಿ ಇಟ್ಟಿರುವ ಮನೆಗಳನ್ನು ನೋಡಿದ್ದೇನೆ, ದಯವಿಟ್ಟು ಜಾಗ ಬದಲಾಯಿಸಿ. ಆಮ್ಲ ನೆಲಕ್ಕೆ ಚೆಲ್ಲಿದರೆ ಅಡುಗೆ ಸೋಡಾ ಉದುರಿಸಿ ತೊಳೆಯಿರಿ. ಮೈಗೆ ಬಿದ್ದರೆ ಧಾರಾಳವಾಗಿ ನೀರು ಹಾಕಿ ತೊಳೆಯಿರಿ, ಕಣ್ಣಿಗೆ ಬಿದ್ದರೆ ನೀರಿನಲ್ಲಿ ತೊಳೆಯುತ್ತಲೇ ವೈದ್ಯರಲ್ಲಿಗೆ ಹೊರಡಿ.

ಮಳೆಯಿಲ್ಲದ, ಕರೆಂಟು ನೆಟ್ಟಗಿರುವ ದಿನವೊಂದನ್ನು ಆರಿಸಿಕೊಳ್ಳಿ. ಹಿಂದಿನ ದಿನವೆಲ್ಲಾ, ರಾತ್ರಿಯೆಲ್ಲಾ ಬ್ಯಾಟರಿ ಚಾರ್ಜ್ ಆಗಲಿ. ಬೆಳಿಗ್ಗೆ ಆರಕ್ಕೆ ಇನ್ವರ್ಟರನ್ನೂ ಅದರ ಚಾರ್ಜಿಂಗನ್ನೂ ಆರಿಸಿಬಿಡಿ. ಆಗತಾನೆ ಚಾರ್ಜ್ ಆದ ಬ್ಯಾಟರಿ ಉಬ್ಬಿದ ಅಂಕಿ ತೋರಿಸುತ್ತದೆ, ನಾಲ್ಕು ಗಂಟೆ ಸುಮ್ಮನೆ ಬಿಟ್ಟರೆ ನಿಜ ಹೇಳುತ್ತದೆ. ಹತ್ತು ಗಂಟೆಗೆ ಮಲ್ಟಿಮೀಟರನ್ನು 20 ಡಿ.ಸಿ. ವೋಲ್ಟಿಗೆ ತಿರುಗಿಸಿ, ಕೆಂಪು ಕಡ್ಡಿ ಪ್ಲಸ್ಸಿಗೆ, ಕಪ್ಪು ಕಡ್ಡಿ ಮೈನಸ್ಸಿಗೆ ಮುಟ್ಟಿಸಿ ಅಂಕಿ ಬರೆದುಕೊಳ್ಳಿ. ಟ್ಯೂಬುಲರ್ ಬ್ಯಾಟರಿ ತುಂಬಿದ್ದರೆ 12.5 ರ ಆಸುಪಾಸು ಇರುತ್ತದೆ. ಆಮೇಲೆ ಮೇನ್ಸ್ ಬಂದ್ ಮಾಡಿ ಇನ್ವರ್ಟರಿನ ಮೇಲೆ ಆ 200 ವ್ಯಾಟಿನ ಫ್ಯಾನು ದೀಪಗಳನ್ನು ಸರಿಯಾಗಿ ಎರಡು ಗಂಟೆ ಓಡಿಸಿ. ಹಾಕಿದ ತಕ್ಷಣ ವೋಲ್ಟು ದಡಕ್ಕನೆ ಇಳಿಯುತ್ತದೆ, ಗಾಬರಿ ಬೇಡ. ಭಾರ ಹೊತ್ತಾಗಿನ ಅಂಕಿಯೇ ಬೇರೆ, ಕೂತು ದಣಿವಾರಿಸಿಕೊಂಡ ಮೇಲಿನ ಅಂಕಿಯೇ ಬೇರೆ. ನಮಗೆ ಎರಡನೆಯದು ಬೇಕು. ಹನ್ನೆರಡಕ್ಕೆ ಎಲ್ಲಾ ಆರಿಸಿ, ಚಾರ್ಜ್ ಆಗಲು ಬಿಡದೆ, ನಾಲ್ಕಕ್ಕೆ ಮತ್ತೆ ಅಳೆಯಿರಿ. ಅಳೆದ ಕೂಡಲೇ ಚಾರ್ಜಿಗೆ ಹಾಕಿಬಿಡಿ, ಅರೆಹೊಟ್ಟೆಯಲ್ಲಿ ದಿನಗಟ್ಟಲೆ ಇಟ್ಟಷ್ಟೂ ಸೀಸದ ಬ್ಯಾಟರಿ ಕೆಡುತ್ತದೆ.

20 ಆಂಪಿಯರ್, ಎರಡು ಗಂಟೆ. ನಾವು ತೆಗೆದದ್ದು 40. ಅದಕ್ಕೆ ವೋಲ್ಟು ಎಷ್ಟು ಇಳಿಯಿತು? ವಿಶ್ರಾಂತಿಯಲ್ಲಿರುವ ಬ್ಯಾಟರಿಯಲ್ಲಿ ಕಾಲು ಭಾಗ ಖಾಲಿಯಾದರೆ ಸುಮಾರು 0.2 ವೋಲ್ಟ್ ಇಳಿಯುತ್ತದೆ, ಅರ್ಧ ಖಾಲಿಯಾದರೆ 0.4. ಹೊಸ 150 ರದ್ದಾದರೆ 40 ಅಂದರೆ ಕಾಲಿಗಿಂತ ಚೂರು ಹೆಚ್ಚು, 0.2 ರಷ್ಟೇ ಇಳಿಯಬೇಕು. ಐದು ವರ್ಷದ ನಮ್ಮನೆಯದು 12.5 ರಿಂದ 12.1 ಕ್ಕೆ ಇಳಿದಿತ್ತು. 0.4. ಅಂದರೆ 40 ಕ್ಕೇ ಅರ್ಧ ಖಾಲಿ. ಹಾಗಾದರೆ ಪೂರ್ತಿ ಇರುವುದು 80. ಮೈಮೇಲೆ 150 ಎಂದು ಬರೆದುಕೊಂಡು ಹೊಟ್ಟೆಯಲ್ಲಿ 80!

ಈ 80 ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಅಗ್ಗದ ಮೀಟರು 0.1 ವೋಲ್ಟ್ ಆಚೀಚೆ ತೋರಿಸಿದರೂ ಲೆಕ್ಕ ಓಲಾಡುತ್ತದೆ. ಇಳಿದದ್ದು 0.5 ಆಗಿದ್ದರೆ 64, 0.3 ಆಗಿದ್ದರೆ 107. ಅದಕ್ಕೇ ಪ್ರತಿ ಸಲ ಅದೇ ಮೀಟರು, ಅದೇ ಫ್ಯಾನು, ಅಷ್ಟೇ ಹೊತ್ತು ಇಟ್ಟುಕೊಳ್ಳಬೇಕು. ಆರು ತಿಂಗಳಿಗೊಮ್ಮೆ ಮಾಡಿ ಬರೆದಿಟ್ಟರೆ ಒಂದೊಂದು ಅಂಕಿಗಿಂತ ಅವುಗಳ ಸಾಲು ಹೆಚ್ಚು ಹೇಳುತ್ತದೆ. ಬ್ಯಾಟರಿ ಹೊಸದಾಗಿ ಬಂದ ವಾರವೇ ಒಮ್ಮೆ ಮಾಡಿಟ್ಟರೆ ಇನ್ನೂ ಉತ್ತಮ.

ಈಗ ತೀರ್ಥಹಳ್ಳಿಯ ಸೋದರಿಯ ಪ್ರಶ್ನೆಗೆ ಬರೋಣ. ಐದು ಲೀಟರಿನ ಕಾನ್ಸಂಟ್ರೇಟರಿಗೆ ಸಾಮಾನ್ಯವಾಗಿ 300 ರಿಂದ 350 ವ್ಯಾಟ್ ಬೇಕು, ನಿಮ್ಮ ಯಂತ್ರದ ಹಿಂದೆ ಬರೆದಿರುತ್ತದೆ, ನೋಡಿ. 350 ಅಂದರೆ 35 ಆಂಪಿಯರ್. 150 ನ್ನು 35 ರಿಂದ ಭಾಗಿಸಿದರೆ ನಾಲ್ಕೂಕಾಲು ಗಂಟೆ. ಅಂಗಡಿಯವರ "ನಾಲ್ಕು ಗಂಟೆ" ಬಂದದ್ದು ಇಲ್ಲಿಂದಲೇ ಇರಬೇಕು. ಆದರೆ ಆ ವೇಗದಲ್ಲಿ ಎಳೆದರೆ ಹೊಚ್ಚ ಹೊಸ ಬ್ಯಾಟರಿಯೂ ಮೂರು ಗಂಟೆಯ ಮೇಲೆ ಸ್ವಲ್ಪ ಬರುತ್ತದೆ, ಅಷ್ಟೇ. ನಮ್ಮನೆಯದರಂತೆ 80 ಉಳಿದಿದ್ದರೆ ಒಂದೂವರೆ ಗಂಟೆ. ಅಳತೆಯ ತಪ್ಪನ್ನೂ ಹಿಡಿದರೆ ಒಂದು ಗಂಟೆಯಿಂದ ಎರಡು ಗಂಟೆಯ ನಡುವೆ ಎಲ್ಲೋ ಒಂದು ಕಡೆ. ಎಷ್ಟೇ ಧಾರಾಳವಾಗಿ ಲೆಕ್ಕ ಹಾಕಿದರೂ ನಾಲ್ಕು ಗಂಟೆ ಮಾತ್ರ ಎಲ್ಲೂ ಬರುವುದಿಲ್ಲ ತಾಯೀ.

ಆದ್ದರಿಂದ ನೀವು ಒಂದು ಗಂಟೆ ಎಂದೇ ತಿಳಿದು ವ್ಯವಸ್ಥೆ ಮಾಡಿಕೊಳ್ಳಿ. ತುಂಬಿದ ಆಕ್ಸಿಜನ್ ಸಿಲಿಂಡರ್ ಒಂದು ಮನೆಯಲ್ಲಿ ಇರಲೇಬೇಕು. ಅದು ಎಷ್ಟು ಹೊತ್ತು ಬರುತ್ತೆ, ಹೇಗೆ ತಿರುಗಿಸಬೇಕು ಎಂಬುದನ್ನು ವೈದ್ಯರಿಂದಲೂ ಕೊಟ್ಟವರಿಂದಲೂ ಕೇಳಿ, ಮನೆಯ ಇಬ್ಬರಾದರೂ ಕಲಿತಿರಿ. ಕರೆಂಟು ಹೋದ ಕೂಡಲೇ ಇನ್ವರ್ಟರಿನ ಮೇಲಿರುವ ಟಿ.ವಿ., ಫ್ಯಾನು ಎಲ್ಲ ಆರಿಸಿ ಯಂತ್ರಕ್ಕೊಂದಕ್ಕೇ ಬಿಡಿ. ನಿಮ್ಮ ಇನ್ವರ್ಟರು ಪ್ಯೂರ್ ಸೈನ್‌ವೇವ್ ಹೌದೋ ಅಲ್ಲವೋ ವಿಚಾರಿಸಿ, ಹಳೆಯ ಸ್ಕ್ವೇರ್‌ವೇವ್ ಇನ್ವರ್ಟರು ಇಂಥ ಯಂತ್ರಗಳಿಗೆ ಹೊಂದುವುದಿಲ್ಲ. ಎರಡು ಗಂಟೆಯ ಪರೀಕ್ಷೆಯನ್ನು ಹಗಲಿನಲ್ಲಿ, ಯಂತ್ರ ಗೋಡೆಯ ಕರೆಂಟಿನಲ್ಲೇ ನಡೆಯುವ ಹಾಗಿಟ್ಟು, ಸಿಲಿಂಡರ್ ಮನೆಗೆ ಬಂದ ಮೇಲೆ ಮಾತ್ರ ಮಾಡಿ. ಹಣವಿದ್ದರೆ ಹೊಸ ಬ್ಯಾಟರಿ ತನ್ನಿ, ಆದರೆ ಹೊಸದೂ ಮೂರೇ ಗಂಟೆ ಎಂಬುದು ಮನಸ್ಸಿನಲ್ಲಿರಲಿ. ಸಿಲಿಂಡರಿನ ಬದಲಿಗೆ ಬ್ಯಾಟರಿ ಅಲ್ಲ.

ಉಳಿದವರಿಗೆ ಇನ್ನೊಂದು ಮಾತು. ಬ್ಯಾಟರಿ ಬೇಗ ಇಳಿಯಿತೆಂದ ಮಾತ್ರಕ್ಕೆ ಅದು ಮುದಿಯಾಯಿತೆಂದು ತೀರ್ಮಾನಿಸಬೇಡಿ. ಕೊಡ ಚಿಕ್ಕದಾಗಿದೆಯೋ, ಕೊಡ ತುಂಬಿಯೇ ಇಲ್ಲವೋ? ಖಾಲಿಯಾದ 150 ರ ಬ್ಯಾಟರಿ ತುಂಬಲು ಮನೆಯ ಇನ್ವರ್ಟರಿಗೆ 10–12 ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಊರಿನಲ್ಲಿ ಅದು ತುಂಬುವುದೇ ಇಲ್ಲ. ಟರ್ಮಿನಲ್ಲಿಗೆ ಬಿಳಿ ಹಸಿರು ಬೂಷ್ಟು ಹಿಡಿದಿದ್ದರೂ ಸರಿಯಾಗಿ ಚಾರ್ಜ್ ಆಗದು. ಇನ್ವರ್ಟರ್ ಆರಿಸಿ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ವ್ಯಾಸಲೀನ್ ಸವರಿ. ಎಷ್ಟೋ ಮನೆಗಳಲ್ಲಿ ಬ್ಯಾಟರಿ ಸೊರಗಿರುವುದಿಲ್ಲ, ದೊಡ್ಡ ಟಿ.ವಿ. ಬಂತು, ಮಗನ ಕಂಪ್ಯೂಟರು ಬಂತು, ಭಾರವೇ ಹೆಚ್ಚಿರುತ್ತದೆ. ಇವನ್ನೆಲ್ಲಾ ನೋಡದೆ ಹದಿನೈದು ಸಾವಿರಕ್ಕೆ ಕೈ ಹಾಕುವುದು ಬೇಡ.

ಹಾಗೆಂದು ಅಂಗಡಿಯವರ ಮಾತೆಲ್ಲಾ ಸುಳ್ಳೆಂದು ನಾನು ಹೇಳುತ್ತಿಲ್ಲ. ನಮ್ಮ ಪಕ್ಕದ ಮನೆಯವರಿಗೆ "ಬದಲಾಯಿಸಲೇಬೇಕು" ಎಂದರಂತೆ. ನನ್ನನ್ನು ಕರೆದರು. ಮೈದುನನ ಹೈಡ್ರೋಮೀಟರ್ ತಂದು ನೋಡಿದೆವು. ಪಿಚಕಾರಿಯಂತಿರುವ ಗಾಜಿನ ಕೊಳವೆ ಅದು, ಒಳಗೆ ತೇಲುವ ಕಡ್ಡಿ. ಆಮ್ಲ ಗಟ್ಟಿಯಾಗಿದ್ದರೆ ಕಡ್ಡಿ ಮೇಲೆ ತೇಲುತ್ತದೆ, ನೀರಾಗಿದ್ದರೆ ಮುಳುಗುತ್ತದೆ. ಹಾಲಿಗೆ ನೀರು ಬೆರೆಸಿದ್ದನ್ನು ಡೇರಿಯಲ್ಲಿ ಹಿಡಿಯುತ್ತಾರಲ್ಲ, ಅದೇ ಉಪಾಯ. 12 ವೋಲ್ಟಿನ ಬ್ಯಾಟರಿಯಲ್ಲಿ ಆರು ಕೋಣೆಗಳು. ತುಂಬಿದ ಟ್ಯೂಬುಲರ್ ಬ್ಯಾಟರಿಯಲ್ಲಿ 1.240 ರ ಹತ್ತಿರ ಇರಬೇಕು. ಅವರದ್ದು ಐದು ಕೋಣೆಗಳಲ್ಲಿ 1.230, ಒಂದರಲ್ಲಿ 1.150. ಒಂದು ಕೋಣೆ ಉಳಿದವಕ್ಕಿಂತ 0.050 ರಷ್ಟು ಹಿಂದೆ ಬಿದ್ದರೆ ಅದು ಕೆಟ್ಟಿತೆಂದೇ ಲೆಕ್ಕ, ಒಂದು ಎತ್ತು ಕುಂಟಾದರೆ ಗಾಡಿ ಓಡದು. ಅಂಗಡಿಯವರು ಹೇಳಿದ್ದು ಸರಿಯಾಗಿಯೇ ಇತ್ತು, ಹೊಸದು ತಂದರು. ಒಂದು ವಿಷಯ ಜ್ಞಾಪಕವಿರಲಿ: ನೀರು ಹಾಕಿದ ತಕ್ಷಣ ಹೈಡ್ರೋಮೀಟರ್ ನೋಡಬಾರದು, ಹೊಸ ನೀರು ಮೇಲೆಯೇ ನಿಂತು ಸುಳ್ಳು ಹೇಳಿಸುತ್ತದೆ. ಚಾರ್ಜ್ ಆಗಿ ಬೆರೆತ ಮೇಲೆ ನೋಡಿ. ಹಾಕುವುದು ಡಿಸ್ಟಿಲ್ಡ್ ವಾಟರ್ ಮಾತ್ರ. ಕಾಯಿಸಿ ಆರಿಸಿದ ನೀರೂ ಬೇಡ, ಫಿಲ್ಟರ್ ನೀರೂ ಬೇಡ. ಅಂಕಿ ಕಡಿಮೆ ಬಂತೆಂದು ಆಮ್ಲವನ್ನಂತೂ ಸುರಿಯಲೇಬೇಡಿ.

ರಾಯಚೂರು, ಕಲಬುರಗಿ ಕಡೆಯ ಸೋದರಿಯರಿಗೆ ಬಿಸಿಲಿನದೇ ಕಾಟ. ಬ್ಯಾಟರಿಯ ಸುತ್ತಲಿನ ಬಿಸಿ 10 ಡಿಗ್ರಿ ಹೆಚ್ಚಿದರೆ ಅದರ ಆಯುಸ್ಸು ಅರ್ಧಕ್ಕೆ ಹತ್ತಿರ ಇಳಿಯುತ್ತದೆಂದು ತಿಳಿದವರ ಲೆಕ್ಕ. ಬಿಸಿಲಿಗೆ ಕಾಯುವ ಗೋಡೆಯ ಪಕ್ಕ, ತಗಡಿನ ಸೂರಿನ ಕೆಳಗೆ ಇಡಬೇಡಿ. ಗಾಳಿಯಾಡುವ ತಣ್ಣಗಿನ ಮೂಲೆ ಹುಡುಕಿ.

ಈಚೆಗೆ ಲಿಥಿಯಂ ಬ್ಯಾಟರಿಯ ಇನ್ವರ್ಟರುಗಳು ಬಂದಿವೆ. ನೀರು ಹಾಕುವ ರಗಳೆಯಿಲ್ಲ, ಜೋರಾಗಿ ಎಳೆದರೂ ಸೀಸದ್ದರಷ್ಟು ನಷ್ಟವಿಲ್ಲ. ಆದರೆ ನಾನು ಹೇಳಿದ ವೋಲ್ಟಿನ ಲೆಕ್ಕ ಅವಕ್ಕೆ ನಡೆಯದು. ಅವು ಹೊಟ್ಟೆ ತುಂಬಿದ್ದಾಗಲೂ ಮುಕ್ಕಾಲು ಖಾಲಿಯಾದಾಗಲೂ ಹೆಚ್ಚುಕಡಿಮೆ ಅದೇ ವೋಲ್ಟು ತೋರಿಸಿ, ಕೊನೆಯಲ್ಲಿ ಒಮ್ಮೆಲೇ ಕುಸಿಯುತ್ತವೆ. ಅಂಥವನ್ನು ಕೊಂಡವರು ಪೂರ್ತಿ ತುಂಬಿಸಿ, ಗೊತ್ತಿರುವ ಭಾರ ಹಾಕಿ, ತಾನಾಗಿ ನಿಲ್ಲುವವರೆಗೆ ಒಮ್ಮೆ ಗಡಿಯಾರ ನೋಡಿ ಬರೆದಿಟ್ಟುಕೊಳ್ಳುವುದೇ ಒಳ್ಳೆಯದು.

ಕೊನೆಗೆ ಹಳೆಯ ಬ್ಯಾಟರಿಯ ವಿಲೇವಾರಿ. ಸೀಸಕ್ಕೆ ಬೆಲೆ ಇದೆ, ಹೊಸದು ಕೊಳ್ಳುವಾಗ ಹಳೆಯದರ ಬದಲಿಗೆ ಎಷ್ಟು ಕಳೆಯುತ್ತಾರೆ ಎಂದು ಎರಡು ಅಂಗಡಿಯಲ್ಲಾದರೂ ಕೇಳಿ. 2022 ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯವನ್ನು ಸೇರಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಬಾಗಿಲಿಗೆ ಬರುವ ಗುಜರಿಯವರು ಹೆಚ್ಚು ಕೊಡುತ್ತೇನೆಂದರೂ ಕೊಡಬೇಡಿ. ಹಿತ್ತಲಲ್ಲಿ ಒಡೆದು ಆಮ್ಲ ಚೆಲ್ಲಿ ಸೀಸ ಕರಗಿಸುವ ಕಡೆ ಆಡುವ ಮಕ್ಕಳ ಮೈಗೆ ಅದರ ವಿಷ ಏರುತ್ತದೆ. ಹೊಸದು ಬರುವವರೆಗೂ ಹಳೆಯದನ್ನು ನೆಟ್ಟಗೆ ನಿಲ್ಲಿಸಿಡಿ, ಮಕ್ಕಳ ಕೈಗೆ ಸಿಗದ ಕಡೆ.